ನೂರಾ ಹದಿನೆಂಟು ಇಂಚು

ಚೀಟಿ ದುಡ್ಡಲ್ಲಿ ತಂದದ್ದು, ಎಸ್.ಪಿ. ರೋಡಿನಿಂದ,
ಸೆಕೆಂಡ್ ಹ್ಯಾಂಡ್.
ಹನ್ನೊಂದು ಹೆಂಗಸರ ಆರು ತಿಂಗಳು
ಟಿಫನ್ ಡಬ್ಬಿಯಷ್ಟು ಯಂತ್ರದೊಳಗೆ ಕೂತು
ಬಿಸಿ ಉಸಿರು ಬಿಡುತ್ತಿತ್ತು.

ಪರದೆ ಹೊಲಿಯೋದು ನನ್ನ ಪಾಲಿಗೆ ಬಂತು.
ನೀಲಸಂದ್ರದ ಅರ್ಧ ಬೆನ್ನುಗಳ ಅಳತೆ ಗೊತ್ತಿರುವವಳಿಗೆ
ಬೆಳಕಿನ ಅಳತೆ ಯಾವ ಮಹಾ ಅಂದರು.
ಬೆಳಕಿಗೆ ಭುಜವಿಲ್ಲವಲ್ಲ,
ಟೇಪು ಎಲ್ಲಿಂದ ಹಿಡಿಯಲಿ?

ಅಂಗಡಿ ಹುಡುಗ ಹೇಳಿದ್ದ:
ಉದ್ದ ಅಗಲ ಅಲ್ಲ ಅಕ್ಕ, ಮೂಲೆಯಿಂದ ಮೂಲೆಗೆ.
ಓ, ಕ್ರಾಸ್ ಕಟಿಂಗ್ ಅನ್ನು, ಎಂದೆ.
ಅವನಿಗೆ ಅರ್ಥವಾಗಲಿಲ್ಲ.

ತಾಜುನ್ನಿಸಾಗೆ ಇನ್ನೂರು ಇಂಚೇ ಬೇಕು.
ಚೀಟಿ ಕೂಗುವಾಗಲೂ ಅವಳು ಹಾಗೇ.
ಅಷ್ಟು ದೊಡ್ಡದಾದರೆ, ಅಂದಳು ಸೆಲ್ವಿ,
ಹೀರೋ ಮೂಗಿನ ಹೊಳ್ಳೆಯಲ್ಲಿ ಚಾಪೆ ಹಾಸಿ ಕೂರಬೇಕು ನಾವು.
ನಕ್ಕೆವು. ಲೆಕ್ಕ ಮಾತ್ರ ನಗಲಿಲ್ಲ:

ಚಿತ್ರ ಬೆಳೆಯಬೇಕಾದರೆ ಯಂತ್ರ ಹಿಂದೆ ಸರಿಯಬೇಕು.
ಬೆಳೆದಷ್ಟೂ ಬೆಳಕು ತೆಳು,
ಅರ್ಧ ಲೀಟರ್ ಹಾಲಿಗೆ ನೆಂಟರು ಬಂದ ಹಾಗೆ.
ನಮ್ಮ ತಾರಸಿ ಹದಿನಾಲ್ಕು ಅಡಿ.
ಆಮೇಲೆ ಇರೋದು ಮೂರಂತಸ್ತಿನ ಗಾಳಿ.

ಚಿಕ್ಕಪೇಟೆಯಿಂದ ತಂದ ದಪ್ಪ ಲೈನಿಂಗ್,
ಪನ್ನ ಐವತ್ತೆಂಟು ಇಂಚು.
ಅದಕ್ಕಿಂತ ಎತ್ತರ ಬೇಕೆಂದರೆ ಜೋಡಿಸಬೇಕು,
ಜೋಡಿಸಿದರೆ ಯಾರದೋ ಮುಖದ ಮೇಲೆ ಗೀರು.
ಇಪ್ಪತ್ತೆರಡು ವರ್ಷ ಕಾಣದ ಹಾಗೆ ಹೊಲಿದವಳು ನಾನು,
ಹೊಲಿಗೆಯೇ ಬೇಡ ಅಂದೆ.
ಬಟ್ಟೆ ಅಡ್ಡ ಹಿಡಿದು ನೂರಾ ಮೂರಕ್ಕೆ ಕತ್ತರಿ ಹಾಕಿದೆ,
ಸುತ್ತ, ಅಂಚಿನ ಹೊರಗೆ, ಕಪ್ಪು ಫಾಲ್ ಕೊಟ್ಟೆ.
ಮೂಲೆಯಿಂದ ಮೂಲೆಗೆ ಅಳೆದೆ.
ಶೀರ್ಷಿಕೆಯಲ್ಲೇ ಹೇಳಿದ್ದೇನೆ.

ಯಂತ್ರ ಸ್ಟೂಲಿನ ಮೇಲೆ. ಮೂತಿ ಎತ್ತಿದಾಗ
ಬಿತ್ತು ಚಿತ್ರ ಮೊರದ ಹಾಗೆ,
ಮೇಲೆ ಅಗಲ, ಕೆಳಗೆ ಕಿರಿದು.
ನೆಟ್ಟಗೆ ಮಾಡೋಕೆ ಒಂದು ಗುಂಡಿ ಇದೆ, ಅಂದಳು ಪೂರ್ಣಿ.
ಬೇಡ ಕಣೇ. ಫಿಟಿಂಗ್ ತಪ್ಪಿದ ರವಿಕೆಗೆ
ಪಿನ್ನು ಚುಚ್ಚುವ ಕೆಲಸ ಅದು.
ಸ್ಟೂಲಿನ ಮೇಲೆ ರಾಗಿ ಡಬ್ಬ, ಡಬ್ಬದ ಮೇಲೆ
ನನ್ನ ಮೆಷಿನ್ನಿನ ಮುಚ್ಚಳ, ಅದರ ಮೇಲೆ ಯಂತ್ರ,
ಮೂತಿ ಇಳಿಸಿದೆ. ನಾಲ್ಕು ಮೂಲೆಯೂ
ಫಾಲ್‌ನೊಳಗೆ ಕೂತವು.

ಆಗಲೇ ಪರದೆಯ ಹಿಂದಿನಿಂದ:
ಆಂಟೀ, ಏನೂ ಕಾಣಿಸ್ತಿಲ್ಲ.

ಪಕ್ಕದ ಬಿಲ್ಡಿಂಗಿನ ಕಿಟಕಿ,
ಕೈ ಚಾಚಿದರೆ ಸಿಗುವಷ್ಟು.
ಆರೋಗ್ಯಮ್ಮನ ಮಗ ಸ್ಟ್ಯಾನಿ, ಸೊಂಟದವರೆಗೆ ಪಿಓಪಿ,
ಒಂದು ತಿಂಗಳಿಂದ ಆ ಕಿಟಕಿಯೇ ಅವನ ಬೀದಿ.
ಬೀದಿಗೆ ನಾನು ಪರದೆ ಕಟ್ಟಿದ್ದೆ.

ಆ ಕಡೆ ತಿರುಗಿಸಿದರೆ ಬೆಸ್ಕಾಂ ದೀಪ ನುಂಗುತ್ತೆ,
ಈ ಕಡೆ ಟ್ಯಾಂಕು.
ಎಪ್ಪತ್ತು ಇಂಚು ಮಾಡಿಬಿಡು, ಅಂದಳು ತಾಜುನ್ನಿಸಾ.
ಹೌದು, ಅವಳೇ.
ಎಪ್ಪತ್ತಾದರೆ ಚೌಡಮ್ಮಜ್ಜಿಗೆ ಕಾಣಲ್ಲ.
ಯಾರೂ ಮಾತಾಡಲಿಲ್ಲ ಸ್ವಲ್ಪ ಹೊತ್ತು,
ಯಂತ್ರದ ಫ್ಯಾನು ಬಿಟ್ಟು.

ಕೆಳಗೆ ಹೋದೆ. ಯೂನಿಫಾರಂ ಆರ್ಡರಿನಲ್ಲಿ ಉಳಿದ
ಬಿಳಿ ಪಾಪ್ಲಿನ್, ಅದೇ ಪನ್ನ,
ಬೆರಳಿಟ್ಟರೆ ಆಚೆ ಬೆರಳು ಕಾಣುವಂಥದ್ದು.
ಕ್ಲಿಪ್ಪು ಬಿಚ್ಚಿ ಲೈನಿಂಗ್ ಇಳಿಸಿ, ಅದನ್ನು ಕಟ್ಟಿದೆ.
ನಮ್ಮ ಕಡೆ ಬಣ್ಣ ಒಂದು ನೀರು ಹಾಕಿ ಒಗೆದಷ್ಟು ಮಾಸಿತು.
ಸೆಲ್ವಿ ಗೊಣಗಿದಳು. ಗೊಣಗಲಿ.
ಬಟ್ಟೆಗೆ ಸೀದಾ ಉಲ್ಟಾ ನೋಡೋದು ಮೊದಲ ಪಾಠ;
ಆ ರಾತ್ರಿ ಅದನ್ನು ಮರೆತು ಕೂತೆ.
ನಾವು ನಕ್ಕ ಕಡೆಯೆಲ್ಲ ಹೀರೋನ ಎದೆಯ ಹಿಂದಿಂದ
ಇನ್ನೊಂದು ನಗು ಬರುತ್ತಿತ್ತು, ತುಸು ತಡವಾಗಿ.

ಪಿಓಪಿ ಬಿಚ್ಚಿ ಈಗ ಕುಂಟುತ್ತಾ ಅಂಗಡಿಗೆ ಬರುತ್ತಾನೆ.
ವಿಲನ್ ಎಡಚ ಅಂತ ಇವತ್ತಿಗೂ ವಾದ.
ಅದಿರಲಿ, ಇನ್ನೊಂದು ಕೇಳಿದ:
ಎಲ್ಲ ಸಿನಿಮಾದಲ್ಲೂ ಯಾಕೆ ಆಂಟಿ, ನಡುವೆ
ಒಂದೇ ಜಾಗದಲ್ಲಿ ಚಂದ್ರ?
ಹಗಲಲ್ಲಿ ಫೈಟಿಂಗ್ ಆಗುವಾಗಲೂ?

ಬಾಯಲ್ಲಿ ದಾರ ಕಚ್ಚಿಕೊಂಡಿದ್ದೆ.
ಅದು ಯಂತ್ರದ ಕಣ್ಣು ಕಣೋ,
ರಾಗಿ ಡಬ್ಬದ ಮೇಲಿನದು, ಅಂತ
ಹೇಳಲಿಲ್ಲ.